ತೋಳ ಬೇಕೆಂದವರು ಒಬ್ಬರು, ದನ ಕಳೆದುಕೊಂಡವರು ಇನ್ನೊಬ್ಬರು

ಅಮೆರಿಕದ ಕೊಲೊರಾಡೊ ರಾಜ್ಯದ ಜನ 2020ರ ನವೆಂಬರ್ 3ರಂದು ತೋಳದ ವಿಷಯಕ್ಕೆ ಓಟು ಹಾಕಿದರು. ಟ್ರಂಪ್ ಮತ್ತು ಬೈಡನ್ ಎದುರುಬದುರು ನಿಂತಿದ್ದ ದಿನವೇ ಅದು. ಪ್ರಶ್ನೆ ಇಷ್ಟೇ: 1940ರ ದಶಕದಲ್ಲಿ ನಮ್ಮ ರಾಜ್ಯದಿಂದ ಅಳಿದುಹೋದ ತೋಳವನ್ನು 2023ರ ಕೊನೆಯೊಳಗೆ ವಾಪಸ್ ತಂದು ಬಿಡಬೇಕೋ ಬೇಡವೋ? ಬೇಕು ಅಂದವರು ಶೇಕಡಾ 50.91. ಬೇಡ ಅಂದವರು 49.09. ಸುಮಾರು 57 ಸಾವಿರ ಓಟಿನಲ್ಲಿ ತೋಳ ಗೆದ್ದಿತು.

ಎಲ್ಲಿ ಗೆದ್ದಿತು ಅನ್ನುವುದನ್ನು ನೋಡಬೇಕು. ಆ ರಾಜ್ಯದಲ್ಲಿ 64 ಕೌಂಟಿಗಳಿವೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಆದರೆ ಚಿಕ್ಕದು. 13ರಲ್ಲಿ ಮಾತ್ರ 'ಬೇಕು' ಮುಂದಿತ್ತು. ಆ 13ರಲ್ಲಿ ಡೆನ್ವರ್, ಬೌಲ್ಡರ್ ತರದ ಜನ ತುಂಬಿದ ಊರುಗಳಿದ್ದವು, ಹಾಗಾಗಿ ಒಟ್ಟು ಲೆಕ್ಕ ಆ ಕಡೆ ವಾಲಿತು. ಆದರೆ ತೋಳವನ್ನು ಬಿಡಬೇಕಾಗಿದ್ದು ಡೆನ್ವರಿನ ಪಕ್ಕದಲ್ಲಲ್ಲ. ರಾಕಿ ಬೆಟ್ಟದ ಪಶ್ಚಿಮಕ್ಕೆ ಬಿಡಬೇಕು ಅಂತ ಕಾನೂನಿನಲ್ಲೇ ಬರೆದಿತ್ತು. ಅಲ್ಲಿ ದನ ಸಾಕುವವರಿದ್ದಾರೆ, ಕುರಿ ಸಾಕುವವರಿದ್ದಾರೆ. ಅವರಲ್ಲಿ ಹೆಚ್ಚಿನವರು 'ಬೇಡ' ಅಂದಿದ್ದರು.

ನಾನಿರುವುದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ತಾಲೂಕಿನಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ಈ ಸೀಮೆಗೆ ತೋಳವನ್ನು ಯಾರೂ ತಂದು ಬಿಟ್ಟಿಲ್ಲ, ಯಾಕೆಂದರೆ ಅದು ಇಲ್ಲಿಂದ ಹೋಗೇ ಇಲ್ಲ. ಹಾಗಾಗಿ ಅಮೆರಿಕದ, ಯುರೋಪಿನ ತೋಳದ ಜಗಳ ಓದುವಾಗ ಮೊದಲು ನಗು ಬರುತ್ತದೆ, ಆಮೇಲೆ ಯೋಚನೆ ಬರುತ್ತದೆ. ಅಲ್ಲಿನವರು ಕೋರ್ಟು, ಓಟು, ಕೋಟಿಗಟ್ಟಲೆ ರೊಕ್ಕ ಇಟ್ಟುಕೊಂಡು ಬಡಿದಾಡುವ ಪ್ರಶ್ನೆಯನ್ನೇ ನಮ್ಮ ಕುರುಬರು ರಾತ್ರಿ ಬ್ಯಾಟರಿ ಹಿಡಿದು ಎದುರಿಸುತ್ತಿದ್ದಾರೆ. ಅವರನ್ನು ಕೇಳಿದವರು ಮಾತ್ರ ಯಾರೂ ಇಲ್ಲ.

ತೋಳ ಹೋಗಿದ್ದು ಹೇಗೆ, ಬಂದಿದ್ದು ಹೇಗೆ

ಯೆಲ್ಲೋಸ್ಟೋನ್ 1872ರಲ್ಲೇ ರಾಷ್ಟ್ರೀಯ ಉದ್ಯಾನವಾಯಿತು. ಆದರೂ ತೋಳಕ್ಕೆ ರಕ್ಷಣೆ ಸಿಗಲಿಲ್ಲ. ಜಿಂಕೆ ಒಳ್ಳೆಯದು, ತೋಳ ಕೆಟ್ಟದ್ದು ಅನ್ನುವ ಕಾಲ ಅದು. ಸರ್ಕಾರವೇ ಸಂಬಳ ಕೊಟ್ಟು ಜನರನ್ನಿಟ್ಟಿತು. ವಿಷ, ಬೋನು, ಬಂದೂಕು ಎಲ್ಲಾ ಬಳಸಿ 1926ರ ಹೊತ್ತಿಗೆ ಉದ್ಯಾನದಲ್ಲಿ ಹುಟ್ಟಿದ ಕೊನೆಯ ತೋಳದ ಮರಿಗಳನ್ನೂ ಕೊಂದರು. (ನಮ್ಮಲ್ಲಿ ಬ್ರಿಟಿಷರೂ ತೋಳದ ತಲೆಗೆ ಬಹುಮಾನ ಕೊಡುತ್ತಿದ್ದರು. ನಮ್ಮ ತೋಳಗಳು ಹೇಗೋ ಉಳಿದವು.)

1973ರಲ್ಲಿ ಅಮೆರಿಕದಲ್ಲಿ ಅಳಿವಿನಂಚಿನ ಜೀವಿಗಳ ಕಾನೂನು ಬಂತು. ಅದಾದ ಇಪ್ಪತ್ತು ವರ್ಷ ವಾದ ನಡೆದು, ಕೊನೆಗೆ 1995ರಲ್ಲಿ ಕೆನಡಾದಿಂದ 14, ಮರುವರ್ಷ 17 ತೋಳಗಳನ್ನು ಹಿಡಿದು ತಂದು ಯೆಲ್ಲೋಸ್ಟೋನಿನಲ್ಲಿ ಬಿಟ್ಟರು. ಐಡಹೊ ರಾಜ್ಯದ ಕಾಡಿನಲ್ಲೂ ಬಿಟ್ಟರು. ಬಿಡುವಾಗ ಕಾನೂನಿನಲ್ಲಿ ಒಂದು ಕಿಟಕಿ ಇಟ್ಟಿದ್ದರು. ಇವು 'ಪ್ರಯೋಗದ ಹಿಂಡು', ಆದ್ದರಿಂದ ದನದ ಮೇಲೆ ಬಿದ್ದ ತೋಳವನ್ನು ಕೆಲವು ಸಂದರ್ಭದಲ್ಲಿ ಕೊಲ್ಲಬಹುದು ಅಂತ. ರೈತರನ್ನು ಸ್ವಲ್ಪವಾದರೂ ಒಪ್ಪಿಸಲು ಮಾಡಿದ ಏರ್ಪಾಟು ಅದು. ಕೊಲೊರಾಡೊ ಕೂಡ 2023ರಲ್ಲಿ ತೋಳ ಬಿಡುವ ಮೊದಲು ಅದೇ ಕಿಟಕಿಯನ್ನು ಕೇಳಿ ಪಡೆಯಿತು.

ಯೆಲ್ಲೋಸ್ಟೋನ್ ಕಥೆಯನ್ನು ನೀವೂ ಮೊಬೈಲಿನಲ್ಲಿ ನೋಡಿರುತ್ತೀರಿ. ತೋಳ ಬಂತು, ಎಲ್ಕ್ ಎಂಬ ದೊಡ್ಡ ಜಿಂಕೆಗಳು ಕಡಿಮೆಯಾದವು, ಹೊಳೆದಂಡೆಯ ಗಿಡ ಚಿಗುರಿತು, ಹೊಳೆಗೆ ಅಡ್ಡ ಒಡ್ಡು ಕಟ್ಟುವ ಬೀವರ್ ಎಂಬ ಪ್ರಾಣಿ ಬಂತು, ನದಿಯೇ ದಿಕ್ಕು ಬದಲಿಸಿತು ಅಂತ. ಕಥೆ ಚೆನ್ನಾಗಿದೆ, ಪೂರ್ತಿ ಸುಳ್ಳೂ ಅಲ್ಲ. ಉತ್ತರ ಯೆಲ್ಲೋಸ್ಟೋನಿನಲ್ಲಿ 1994ರಲ್ಲಿ ಸುಮಾರು 19 ಸಾವಿರ ಇದ್ದ ಎಲ್ಕ್ 2013ರ ಹೊತ್ತಿಗೆ 4 ಸಾವಿರದ ಆಸುಪಾಸಿಗೆ ಇಳಿದಿದ್ದು ನಿಜ. ಆದರೆ ಕರಡಿ, ಚಿರತೆಯಂಥ ಕೂಗರ್, ಬೇಟೆಗಾರರು, ಬರಗಾಲ ಎಲ್ಲದರ ಪಾಲೂ ಅದರಲ್ಲಿತ್ತು. ಹೊಳೆದಂಡೆಯಲ್ಲಿ 20 ವರ್ಷ ನಡೆದ ಒಂದು ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು. ತೋಳ ಬಂದ ಮಾತ್ರಕ್ಕೆ ಹಳೆಯ ಹೊಳೆದಂಡೆ ವಾಪಸ್ ಬರಲಿಲ್ಲ ಅಂತ ಅದು ಹೇಳಿತು. ಎಪ್ಪತ್ತು ವರ್ಷ ಬೀವರ್ ಇಲ್ಲದೆ ಹೊಳೆ ಆಳಕ್ಕೆ ಕೊರೆದುಕೊಂಡು ಹೋಗಿತ್ತು, ನೀರಿನ ಮಟ್ಟ ಕೆಳಗಿಳಿದಿತ್ತು. ಕೆಡಿಸೋದು ಸುಲಭ, ಅಷ್ಟೇ ಸುಲಭಕ್ಕೆ ಕೂಡಿಸೋಕಾಗಲ್ಲ.

ಇದನ್ನು ಯಾಕೆ ಹೇಳಿದೆ ಅಂದರೆ, ಡೆನ್ವರಿನಲ್ಲಿ ಓಟು ಹಾಕಿದ ಎಷ್ಟೋ ಜನರ ತಲೆಯಲ್ಲಿ ಇದ್ದಿದ್ದು ಆ ಚೆಂದದ ವಿಡಿಯೊ. ದನದ ಕೊಟ್ಟಿಗೆ ಇರಲಿಲ್ಲ.

ಪಟ್ಟಣದವರ ವಾದವೂ ಹುಲ್ಲುಕಡ್ಡಿಯಲ್ಲ

ಹಳ್ಳಿ ಕಡೆಯವರು ಪಟ್ಟಣದವರನ್ನು 'ಹಾಲು ಪ್ಯಾಕೆಟ್ಟಿನಲ್ಲಿ ಹುಟ್ಟುತ್ತದೆ ಅಂದುಕೊಂಡವರು' ಅಂತ ತಳ್ಳಿಹಾಕುತ್ತಾರೆ. ಅದು ನ್ಯಾಯವಲ್ಲ. ಅವರ ವಾದದಲ್ಲಿ ಎರಡು ಗಟ್ಟಿ ಮಾತುಗಳಿವೆ.

ಮೊದಲನೆಯದು, ತೋಳವನ್ನು ಅಳಿಸಿದ್ದು ಸರ್ಕಾರದ ರೊಕ್ಕದಲ್ಲಿ. ಅಂದರೆ ಎಲ್ಲರ ಹೆಸರಿನಲ್ಲಿ. ಹಾಗಾದರೆ ಅದನ್ನು ಸರಿಮಾಡುವ ಹಕ್ಕೂ ಎಲ್ಲರಿಗೂ ಇದೆ ಅಲ್ವಾ?

ಎರಡನೆಯದು ಜಾಗದ್ದು. ಅಮೆರಿಕದ ಪಶ್ಚಿಮದಲ್ಲಿ ದನಗಳು ಮೇಯುವ ಕೋಟಿಗಟ್ಟಲೆ ಎಕರೆ ಖಾಸಗಿಯಲ್ಲ, ಕೇಂದ್ರ ಸರ್ಕಾರದ್ದು. ಅಲ್ಲಿ ಮೇಯಿಸಲು 2019ರಿಂದ 2025ರವರೆಗೆ ಇದ್ದ ದರ ಒಂದು ಹಸು, ಅದರ ಕರುವಿಗೆ ತಿಂಗಳಿಗೆ 1.35 ಡಾಲರ್. ನಮ್ಮ ಲೆಕ್ಕದಲ್ಲಿ ನೂರು ರೂಪಾಯಿ ಚಿಲ್ಲರೆ. ಪಟ್ಟಣದವನು ಕೇಳುತ್ತಾನೆ: ಜಾಗ ನನ್ನದೂ ಹೌದು, ನಿನಗೆ ಅಗ್ಗಕ್ಕೆ ಕೊಟ್ಟಿದ್ದೇನೆ, ಅಲ್ಲಿ ತೋಳ ಇರಲಿ ಅಂದರೆ ಯಾಕೆ ಕೂಗುತ್ತೀ? ನಮ್ಮ ಕಡೆ ಗಾಯರಾಣದ, ಅಂದರೆ ಊರ ಗೋಮಾಳದ ಬಗ್ಗೆ ಊರೂರಲ್ಲಿ ನಡೆಯುವ ಜಗಳ ನೋಡಿದವರಿಗೆ ಈ ಮಾತು ಹೊಸದಲ್ಲ. ಎಲ್ಲರ ಜಾಗ ಅಂದಾಗ ಅದರ ಮೇಲೆ ಯಾರ ಮಾತು ನಡೆಯಬೇಕು ಅನ್ನುವುದೇ ತಕರಾರು.

ರೈತ ಹೇಳುವುದೇನು

ದನ ಸಾಕುವವರ ವಾದಕ್ಕೆ ಅಂಕಿಅಂಶದವರು ಕೊಡುವ ಉತ್ತರ ಯಾವಾಗಲೂ ಒಂದೇ: ಒಟ್ಟು ಸಾಯುವ ದನಗಳಲ್ಲಿ ತೋಳದ ಪಾಲು ತೀರ ಕಡಿಮೆ. ರೋಗದಿಂದ, ಚಳಿಯಿಂದ, ಕರು ಹಾಕುವಾಗ ಸಾಯುವವೇ ಜಾಸ್ತಿ. ಲೆಕ್ಕ ಸರಿ. ಆದರೆ ಜಿಲ್ಲೆಯಲ್ಲಿ ಸರಾಸರಿ ಮಳೆ ಚೆನ್ನಾಗಿ ಆಗಿದೆ ಅಂತ ಪೇಪರಿನಲ್ಲಿ ಬಂದರೆ ನನ್ನ ಬಾವಿ ತುಂಬುತ್ತದೆಯೇ? ತೋಳದ ನಷ್ಟ ಸರಾಸರಿಯಲ್ಲಿ ಬರುವುದಿಲ್ಲ. ನೂರು ಮನೆಯಲ್ಲಿ ತೊಂಬತ್ತೈದು ಮನೆಗೆ ಏನೂ ಆಗುವುದಿಲ್ಲ, ಉಳಿದ ಐದು ಮನೆಗೆ ಪದೇ ಪದೇ ಆಗುತ್ತದೆ. ತೋಳದ ಗುಂಪು ಗವಿ ಮಾಡಿದ್ದು ಯಾರ ಹೊಲದ ಪಕ್ಕ ಅನ್ನುವುದರ ಮೇಲೆ ಎಲ್ಲಾ ನಿಂತಿದೆ.

ಕೊಲೊರಾಡೊದಲ್ಲಿ ಹಾಗೇ ಆಯಿತು. ತೋಳ ಇರುವ ವಯೋಮಿಂಗ್, ಐಡಹೊ, ಮೊಂಟಾನಾ ರಾಜ್ಯಗಳು ತೋಳ ಕೊಡುವುದಿಲ್ಲ ಅಂದವು. ಒರೆಗಾನ್ ಕೊಟ್ಟಿತು. 2023ರ ಡಿಸೆಂಬರ್ 18ರಂದು ಗ್ರ್ಯಾಂಡ್ ಕೌಂಟಿಯಲ್ಲಿ ಮೊದಲ ಐದು ತೋಳಗಳನ್ನು ಬಿಟ್ಟರು. ಆ ಕೌಂಟಿ 'ಬೇಡ' ಅಂದಿದ್ದ ಕೌಂಟಿ. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಅಲ್ಲೇ ದನಗಳ ಮೇಲೆ ದಾಳಿ ಶುರುವಾಯಿತು. ಒಂದು ಜೋಡಿ ಮರಿ ಹಾಕಿತು, 'ಕಾಪರ್ ಕ್ರೀಕ್' ಗುಂಪು ಅಂತ ಹೆಸರಾಯಿತು. ಕೊನೆಗೆ 2024ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಆ ಗುಂಪನ್ನೇ ಹಿಡಿದು ಬೇರೆಡೆ ಸಾಗಿಸಬೇಕಾಯಿತು. ಗಂಡು ತೋಳ ಹಿಡಿದ ಮೇಲೆ ಸತ್ತಿತು. ತೋಳ ಬೇಕು ಅಂದವರಿಗೂ ಸಿಟ್ಟು, ಬೇಡ ಅಂದವರಿಗೂ ಸಿಟ್ಟು.

ಪರಿಹಾರ ಇದೆ. ಅದೂ ದೊಡ್ಡದು. ಒಂದು ಪ್ರಾಣಿಗೆ ಮಾರುಕಟ್ಟೆ ಬೆಲೆ ಲೆಕ್ಕ ಹಾಕಿ 15,000 ಡಾಲರ್ ತನಕ ಕೊಡಬಹುದು. ರೂಪಾಯಿಯಲ್ಲಿ ಹನ್ನೆರಡು ಲಕ್ಷಕ್ಕೂ ಮೇಲೆ. ನಮ್ಮೂರ ಕಡೆ ಕುರಿ ಮೇಯಿಸುವ ಒಬ್ಬ ಹಿರಿಯರಿಗೆ ಇದನ್ನು ಹೇಳಿದೆ. ಅವರು ಮೊತ್ತಕ್ಕೆ ಬೆರಗಾಗಲಿಲ್ಲ. "ಅಲ್ಲಿ ಪಂಚನಾಮಾ ಯಾರ ಮಾಡ್ತಾರ?" ಅಂತ ಕೇಳಿದರು.

ಎಲ್ಲಾ ಇರುವುದು ಈ ಪ್ರಶ್ನೆಯಲ್ಲೇ. ದನ ಸತ್ತಿದೆ, ಸುತ್ತ ತೋಳದ ಹೆಜ್ಜೆ ಇದೆ. ಆದರೆ ತೋಳ ಕೊಂದಿತೋ, ಸತ್ತಿದ್ದನ್ನು ತಿಂದಿತೋ? ಅಧಿಕಾರಿ ಬಂದು ಚರ್ಮ ಸುಲಿದು ನೋಡುತ್ತಾನೆ. ಹಲ್ಲು ಊರಿದ ಕಡೆ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿದ್ದರೆ ಜೀವ ಇದ್ದಾಗಲೇ ಕಚ್ಚಿದ್ದು. ಸತ್ತ ಮೇಲೆ ಕಚ್ಚಿದರೆ ಹಾಗೆ ಹೆಪ್ಪುಗಟ್ಟುವುದಿಲ್ಲ. ಸರಿ, ಆದರೆ ನೋಡಲು ದನ ಸಿಗಬೇಕಲ್ಲ? ಅಲ್ಲಿ ಬೇಸಿಗೆಯಲ್ಲಿ ದನಗಳನ್ನು ಬೆಟ್ಟಕ್ಕೆ ಬಿಟ್ಟುಬಿಡುತ್ತಾರೆ. ಕರು ಸತ್ತು ಎರಡು ದಿನ ಆದರೆ ಮೂಳೆಯೂ ಸಿಗುವುದಿಲ್ಲ. ಹಾಗಾಗಿ ಕೊಲೊರಾಡೊದ ನಿಯಮದಲ್ಲಿ ಒಂದು ಖಚಿತ ಸಾವಿಗೆ ಕಾಣೆಯಾದ ಇನ್ನಷ್ಟು ಪ್ರಾಣಿಗಳನ್ನೂ ಲೆಕ್ಕಕ್ಕೆ ಸೇರಿಸುವ ದಾರಿ ಮಾಡಿದ್ದಾರೆ.

ಅದರ ಮೇಲೆ ಇನ್ನೊಂದು ನಷ್ಟ ಇದೆ, ಅದು ಕಣ್ಣಿಗೆ ಕಾಣುವುದಿಲ್ಲ. ತೋಳ ಸುತ್ತಾಡುವ ಕಡೆ ದನ ನೆಮ್ಮದಿಯಾಗಿ ಮೇಯುವುದಿಲ್ಲ. ತೂಕ ಬರುವುದಿಲ್ಲ. ಗಬ್ಬ ಕಟ್ಟುವುದು ಕಡಿಮೆಯಾಗುತ್ತದೆ. 2025ರ ಆರಂಭದಲ್ಲಿ ಗ್ರ್ಯಾಂಡ್ ಕೌಂಟಿಯ ದನದವರಿಗೆ ಮಂಜೂರಾದ ಪರಿಹಾರ ಮೂರು ಲಕ್ಷ ಡಾಲರ್ ದಾಟಿತ್ತು. ಅದರಲ್ಲಿ ದೊಡ್ಡ ಪಾಲು ಇಂಥ ಕಾಣದ ನಷ್ಟದ್ದು. ಇಡೀ ರಾಜ್ಯಕ್ಕೆ ವರ್ಷಕ್ಕೆ ಇಟ್ಟಿದ್ದ ನಿಧಿಯೇ ಮೂರೂವರೆ ಲಕ್ಷ ಡಾಲರ್.

ನನಗೆ ಇಲ್ಲಿ ಅತಿ ಕುತೂಹಲದ್ದು ರೊಕ್ಕದ ಲೆಕ್ಕವಲ್ಲ, ಮರೆತುಹೋದ ವಿದ್ಯೆ. ತೋಳ ಇಲ್ಲದ ಎಂಬತ್ತು ವರ್ಷದಲ್ಲಿ ಅಲ್ಲಿನವರ ದನ ಸಾಕುವ ರೀತಿಯೇ ಬದಲಾಯಿತು. ಕಾಯುವವರಿಲ್ಲ, ರಾತ್ರಿ ಕೂಡಿ ಹಾಕುವುದಿಲ್ಲ, ಬಯಲಲ್ಲೇ ಕರು ಹಾಕುತ್ತವೆ. ಫ್ರಾನ್ಸಿನ ಆಲ್ಪ್ಸ್ ಬೆಟ್ಟದಲ್ಲೂ ಹಾಗೇ. ತೋಳ ಇಲ್ಲದ ಕಾಲದಲ್ಲಿ ಒಬ್ಬಿಬ್ಬರು ಸಾವಿರಾರು ಕುರಿ ಬಿಟ್ಟು ಮೇಯಿಸುವ ಪದ್ಧತಿ ಬೆಳೆಯಿತು. 1992ರಲ್ಲಿ ಇಟಲಿಯಿಂದ ತೋಳ ತಾನೇ ಗಡಿ ದಾಟಿ ಬಂದಾಗ ಅವರಿಗೆ ಕೈಕಾಲು ಆಡಲಿಲ್ಲ. ಇಟಲಿಯ ಅಬ್ರುಟ್ಸೊ ಬೆಟ್ಟದ ಕುರುಬರಲ್ಲಿ ಮಾತ್ರ ದೊಡ್ಡ ಬಿಳಿ ಕಾವಲು ನಾಯಿಗಳು ಉಳಿದಿದ್ದವು, ಯಾಕೆಂದರೆ ಅಲ್ಲಿ ತೋಳವೂ ಉಳಿದಿತ್ತು. ಈಗ ಅಮೆರಿಕದಲ್ಲಿ ಸರ್ಕಾರ ಕಾವಲು ನಾಯಿಗೆ, ಕುದುರೆ ಮೇಲೆ ಸುತ್ತಿ ದನ ಕಾಯುವವರಿಗೆ, ಬಣ್ಣದ ಬಟ್ಟೆ ಕಟ್ಟಿದ ಹಗ್ಗದ ಬೇಲಿಗೆ ರೊಕ್ಕ ಕೊಟ್ಟು ಕಲಿಸುತ್ತಿದೆ. ಕೊಲೊರಾಡೊದಲ್ಲಿ ತೋಳದ ಚಿತ್ರ ಇರುವ ಗಾಡಿ ನಂಬರ್ ಪ್ಲೇಟ್ ಮಾರಿ ಆ ರೊಕ್ಕವನ್ನೂ ಇದಕ್ಕೇ ಹಾಕುತ್ತಾರೆ. ಪಟ್ಟಣದವನು ಜೇಬಿಗೆ ಕೈ ಹಾಕುವ ಈ ಉಪಾಯ ನನಗೆ ಹಿಡಿಸಿತು.

ಗೆರೆ ಅಷ್ಟು ನೇರವಾಗಿಲ್ಲ

ಇದನ್ನೆಲ್ಲ 'ಪಟ್ಟಣ ಒಂದು ಕಡೆ, ಹಳ್ಳಿ ಒಂದು ಕಡೆ' ಅಂತ ಹೇಳಿ ಮುಗಿಸುವುದು ಸುಲಭ. ಪೇಪರಿನವರು ಹಾಗೇ ಬರೆಯುತ್ತಾರೆ. ಆದರೆ ಆ 13 ಕೌಂಟಿಗಳ ಪಟ್ಟಿ ನೋಡಿ. ಅದರಲ್ಲಿ ಬೆಟ್ಟದ ಪಶ್ಚಿಮದವೂ ಐದಿವೆ. ಆಸ್ಪೆನ್ ಇರುವ ಪಿಟ್ಕಿನ್, ಟೆಲ್ಯುರೈಡ್ ಇರುವ ಸ್ಯಾನ್ ಮಿಗೆಲ್ ಅವುಗಳಲ್ಲಿ ಸೇರಿವೆ. ಇವು ಪಟ್ಟಣಗಳಲ್ಲ, ಬೆಟ್ಟದ ಸಣ್ಣ ಊರುಗಳೇ. ಆದರೆ ಅಲ್ಲಿನ ದುಡಿಮೆ ಹಿಮದ ಆಟ ಮತ್ತು ಪ್ರವಾಸಿಗರಿಂದ. ತೋಳ ಬಂದರೆ ಅವರಿಗೆ ನಷ್ಟವಿಲ್ಲ, ನೋಡಲು ನಾಲ್ಕು ಜನ ಜಾಸ್ತಿ ಬಂದಾರು. ಹಾಗಾಗಿ ಎಲ್ಲಿ ವಾಸ ಅನ್ನುವುದಕ್ಕಿಂತ ಏನು ಮಾಡಿ ಹೊಟ್ಟೆ ಹೊರೆಯುತ್ತೀರಿ ಅನ್ನುವುದು ಓಟನ್ನು ಹೆಚ್ಚು ತೀರ್ಮಾನಿಸುತ್ತದೆ ಅಂತ ನನಗೆ ಅನ್ನಿಸುತ್ತದೆ.

ಬೇಟೆಗಾರರೂ ಇದ್ದಾರೆ. ಅಮೆರಿಕದ ರಾಜ್ಯಗಳಲ್ಲಿ ವನ್ಯಜೀವಿ ಇಲಾಖೆ ನಡೆಯುವುದು ಬಹುಪಾಲು ಬೇಟೆ, ಮೀನುಗಾರಿಕೆಯ ಲೈಸೆನ್ಸ್ ರೊಕ್ಕದಿಂದ. ಎಲ್ಕ್ ಕಡಿಮೆಯಾದರೆ ಲೈಸೆನ್ಸ್ ಕಡಿಮೆ. ಅವರಲ್ಲಿ ಪಟ್ಟಣದವರೂ ಬೇಕಾದಷ್ಟು ಮಂದಿ ಇದ್ದಾರೆ.

ಅದೇ 2020ರ ಸೆಪ್ಟೆಂಬರ್ 27ರಂದು ಸ್ವಿಟ್ಜರ್ಲೆಂಡಿನಲ್ಲೂ ಓಟು ನಡೆದಿತ್ತು. ತೋಳ ಕೊಲ್ಲುವುದನ್ನು ಸುಲಭ ಮಾಡುವ ಕಾನೂನು ಬೇಕೋ ಬೇಡವೋ ಅಂತ. ಶೇಕಡಾ 51.9 ಜನ ಬೇಡ ಅಂದರು. ಬೆಟ್ಟದ ಪ್ರಾಂತ್ಯಗಳು ಬೇಕು ಅಂದಿದ್ದವು, ದೊಡ್ಡ ಊರುಗಳು ಬೇಡ ಅಂದವು. ಎರಡು ವರ್ಷಕ್ಕೆ ಸಂಸತ್ತು ಬೇರೆ ದಾರಿಯಿಂದ ಹೆಚ್ಚುಕಡಿಮೆ ಅದನ್ನೇ ಜಾರಿಗೆ ತಂದಿತು. ಅಂದರೆ ಸಣ್ಣ ಅಂತರದಲ್ಲಿ ಗೆದ್ದ ಓಟು ಜಗಳ ಮುಗಿಸುವುದಿಲ್ಲ. ಸೋತವನು ಅಲ್ಲೇ ಇರುತ್ತಾನೆ, ಅವನ ಮನೆ ಹಿತ್ತಲಲ್ಲಿ ತೋಳವೂ ಇರುತ್ತದೆ.

ಜರ್ಮನಿಯ ಕಥೆ ಇನ್ನೂ ಸೊಗಸು. ಪೋಲೆಂಡಿನಿಂದ ತಾವೇ ನಡೆದು ಬಂದ ತೋಳಗಳು 2000ರಲ್ಲಿ ಅಲ್ಲಿ ಮರಿ ಹಾಕಿದವು. ವರ್ಷಗಟ್ಟಲೆ ಕುರುಬರು ಕೂಗುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಒಂದು ತೋಳ 'ಡಾಲಿ' ಎಂಬ ಕುದುರೆಮರಿ ಗಾತ್ರದ ಪೋನಿಯನ್ನು ಕೊಂದಿತು. ಆ ಪೋನಿ ಯುರೋಪಿಯನ್ ಒಕ್ಕೂಟದ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರದ್ದು. 2023ರ ಡಿಸೆಂಬರಿನಲ್ಲಿ ಅದೇ ಆಯೋಗ ತೋಳದ ರಕ್ಷಣೆ ಸಡಿಲಿಸುವ ಪ್ರಸ್ತಾವ ತಂದಿತು, ಒಂದು ವರ್ಷದಲ್ಲಿ ಬರ್ನ್ ಒಪ್ಪಂದ ಎಂಬ ಯುರೋಪಿನ ವನ್ಯಜೀವಿ ಒಪ್ಪಂದದಲ್ಲಿ ಅದು ಪಾಸಾಯಿತು. ಪೋನಿಗೂ ಪ್ರಸ್ತಾವಕ್ಕೂ ಸಂಬಂಧ ಇಲ್ಲ ಅಂತ ಆಯೋಗದವರ ಮಾತು. ಇರಲಿ. ಯುರೋಪಿನ ಕುರುಬರು ಮನಸ್ಸಿನಲ್ಲಿ ಏನಂದುಕೊಂಡಿರಬಹುದು ಅಂತ ನಮ್ಮ ಕುರುಬರನ್ನು ಕೇಳಿದರೆ ಹೇಳುತ್ತಾರೆ.

ನಮ್ಮ ಮಾಳದಲ್ಲಿ

ಈಗ ಇಲ್ಲಿಗೆ ಬರೋಣ. ಭಾರತದ ತೋಳ ಅಮೆರಿಕದ್ದಕ್ಕಿಂತ ಸಣ್ಣದು. ಅವು 45 ಕಿಲೊ ಆಸುಪಾಸು ತೂಗಿದರೆ ನಮ್ಮವು ಸುಮಾರು 20. ದಟ್ಟ ಕಾಡು ಅದಕ್ಕೆ ಬೇಡ. ಕುರುಚಲು, ಹುಲ್ಲುಗಾವಲು, ಹೊಲದ ಬದು, ಹಳ್ಳದ ದಂಡೆ ಸಾಕು. ದೇಶದಲ್ಲಿ ಉಳಿದಿರುವುದು ಸುಮಾರು 3,000, ಅಂದರೆ ಹುಲಿಗಿಂತ ಕಡಿಮೆ ಇರಬಹುದು. 1972ರ ವನ್ಯಜೀವಿ ಕಾನೂನಿನ ಮೊದಲನೇ ಪಟ್ಟಿಯಲ್ಲೇ ತೋಳ ಇದೆ. ಕಾಗದದಲ್ಲಿ ಹುಲಿಯ ಪಕ್ಕದ ಕುರ್ಚಿ. ಹುಲಿಗಿರುವ ರೊಕ್ಕ, ಫೋಟೊ, ಸಫಾರಿ ಯಾವುದೂ ಇದಕ್ಕಿಲ್ಲ.

ಸೊಲ್ಲಾಪುರ ಸೀಮೆಯಲ್ಲಿ ಚಿಗರಿ ಇದ್ದ ಕಡೆ ತೋಳ ಚಿಗರಿ ಹಿಡಿಯುತ್ತದೆ. ಬಹಳ ಕಡೆ ಅದರ ಊಟ ಕುರಿ, ಆಡು. ಕೋಳಿ ಫಾರ್ಮಿನವರು ಹೊರಗೆಸೆದ ಸತ್ತ ಕೋಳಿಯನ್ನೂ ತಿನ್ನುತ್ತದೆ. ವಿಜಯಪುರ, ಕಲಬುರಗಿ, ಸೊಲ್ಲಾಪುರ ಅಂತ ಗಡಿ ಅದಕ್ಕೆ ಗೊತ್ತಿಲ್ಲ. ಕುರುಬರಿಗೂ ಅಷ್ಟೇ. ಮಳೆ ನೋಡಿಕೊಂಡು ಹಿಂಡು ಈ ರಾಜ್ಯದಿಂದ ಆ ರಾಜ್ಯಕ್ಕೆ ಹೋಗುತ್ತದೆ. ನಾವು ಕುರುಬರು ಅನ್ನುತ್ತೇವೆ, ಮರಾಠಿಯವರು ಧನಗರ ಅನ್ನುತ್ತಾರೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ತರುಬುತ್ತಾರೆ. ಹೊಲದವನಿಗೆ ಗೊಬ್ಬರ ಸಿಗುತ್ತದೆ, ಕುರುಬನಿಗೆ ಜೋಳವೋ ರೊಕ್ಕವೋ ಸಿಗುತ್ತದೆ. ಕುರಿ ಕೂಡಿಹಾಕಿದ ದಡ್ಡಿಯ ಸುತ್ತ ಬಲೆ ಕಟ್ಟುತ್ತಾರೆ, ನಾಯಿ ಬಿಡುತ್ತಾರೆ, ಒಬ್ಬರಾದರೂ ಎಚ್ಚರ ಇರುತ್ತಾರೆ. ಕೊಲೊರಾಡೊದವರು ಸರ್ಕಾರದ ತರಬೇತಿಯಲ್ಲಿ ಕಲಿಯುತ್ತಿರುವುದು ಇದನ್ನೇ.

ಅಷ್ಟು ಮಾಡಿದರೂ ತೋಳ ಒಯ್ಯುತ್ತದೆ. ಹೆಚ್ಚಾಗಿ ಮರಿಯನ್ನು, ಇಲ್ಲವೇ ಹಿಂದೆ ಉಳಿದ ಕುಂಟು ಕುರಿಯನ್ನು. ತೋಳಕ್ಕೂ ಒಂದು ಪಾಲು ಇರುತ್ತದೆ ಅನ್ನುವ ಹಿರಿಯರು ಇನ್ನೂ ಇದ್ದಾರೆ. ಇದನ್ನು ಕೇಳಿದ ಪಟ್ಟಣದವರು ಕಣ್ಣಲ್ಲಿ ನೀರು ತಂದುಕೊಂಡು 'ಎಂಥ ಸಹಬಾಳ್ವೆ' ಅನ್ನುತ್ತಾರೆ. ಪೂರ್ತಿ ಹಾಗಲ್ಲ. ಒಂದೇ ರಾತ್ರಿ ಬಲೆ ಒಳಗೆ ನುಗ್ಗಿ ಐದಾರು ಕುರಿ ಕೆಡವಿದಾಗ ಪಾಲಿನ ಮಾತು ಯಾರೂ ಆಡುವುದಿಲ್ಲ. ಗವಿಗೆ ಹೊಗೆ ಹಾಕಿ ಮರಿ ಕೊಲ್ಲುವುದೂ ಮೊದಲಿನಿಂದ ಇದೆ. 'ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು' ಅಂತ ಗಾದೆ ಸುಮ್ನೆ ಹುಟ್ಟಲಿಲ್ಲ. ತಾಳ್ಮೆಯೂ ಇದೆ, ಕಲ್ಲೂ ಇದೆ. ಕುರಿ ಸಾಕುವವನ ಮನಸ್ಸಿನಲ್ಲಿ ಎರಡೂ ಒಟ್ಟಿಗೆ ಇರುತ್ತವೆ.

ಭಯದ ಮಾತನ್ನೂ ಮುಚ್ಚಿಡಬಾರದು. ಅಮೆರಿಕದಲ್ಲಿ ತೋಳ ಮನುಷ್ಯನನ್ನು ಕೊಂದಿದ್ದು ಬೆರಳೆಣಿಕೆ. ಭಾರತದಲ್ಲಿ ಹಾಗೆ ಹೇಳಲಾಗದು. 1996ರಲ್ಲಿ ಉತ್ತರ ಪ್ರದೇಶದ ಪೂರ್ವ ಭಾಗದಲ್ಲಿ, 2024ರಲ್ಲಿ ಅದೇ ರಾಜ್ಯದ ಬಹರೈಚ್ ಜಿಲ್ಲೆಯಲ್ಲಿ ತೋಳಗಳು ಮಕ್ಕಳನ್ನು ಕೊಂದವು. ತುಂಬ ಬಡವರ, ಬಾಗಿಲಿಲ್ಲದ ಮನೆಗಳ ಮಕ್ಕಳು. ನಮ್ಮ ಭಾಗದಲ್ಲಿ ಮಕ್ಕಳನ್ನು ಹಿಡಿಯುವ ಅಂಥ ಸರಣಿ ನಡೆದದ್ದು ನಾನು ಕೇಳಿಲ್ಲ. ಇಲ್ಲಿ ಹೆಚ್ಚು ಹೆದರಬೇಕಾದ್ದು ಹುಚ್ಚು ಹಿಡಿದ ತೋಳಕ್ಕೆ ಮತ್ತು ನಾಯಿಗೆ. ಆದರೆ ಬಹರೈಚಿನ ತಾಯಂದಿರ ಮುಂದೆ 'ತೋಳ ನಿರುಪದ್ರವಿ' ಅಂತ ಯಾರಾದರೂ ಉಪದೇಶ ಮಾಡಿದರೆ, ಆ ಉಪದೇಶ ಮಾಡಿದವನ ಮೇಲೆ ಜನಕ್ಕೆ ನಂಬಿಕೆ ಹೋಗುತ್ತದೆ.

ನಕ್ಷೆ ಗೀಚಿದವರು ಯಾರು

ನಮ್ಮಲ್ಲಿ ಪಟ್ಟಣ ಮತ್ತು ಹಳ್ಳಿಯ ಅಂತರ ಓಟಿನಲ್ಲಿ ಕಾಣುವುದಿಲ್ಲ, ಯಾಕೆಂದರೆ ಓಟೇ ಇಲ್ಲ. ಅದು ಕಾಣುವುದು ನಕ್ಷೆಯಲ್ಲಿ.

ನಾನ್ನಜದ ಕಥೆ ಕೇಳಿ. ಸೊಲ್ಲಾಪುರದ ಪಕ್ಕದ ಈ ಊರಿನ ಸುತ್ತ ಎರೆಭೂತ ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಘೋಷಿಸಿದರು. ಮರಾಠಿಯಲ್ಲಿ ಅದು ಮಾಳಢೋಕ. ಅಭಯಾರಣ್ಯದ ವಿಸ್ತೀರ್ಣ ಕಾಗದದ ಮೇಲೆ 8,496 ಚದರ ಕಿಲೋಮೀಟರ್. ಸೊಲ್ಲಾಪುರ ಜಿಲ್ಲೆಯ ಅರ್ಧಕ್ಕಿಂತ ದೊಡ್ಡದು! ಪಕ್ಕದ ಅಹಮದನಗರ ಜಿಲ್ಲೆಗೂ ಅದು ಚಾಚಿತ್ತು. (ಆ ಜಿಲ್ಲೆಗೆ ಈಗ ಅಹಿಲ್ಯಾನಗರ ಅನ್ನುತ್ತಾರೆ. ಹೆಸರು ಕೊಟ್ಟ ಅಹಿಲ್ಯಾಬಾಯಿ ಹೋಳ್ಕರ್ ಕುರುಬರ ಮನೆಯ ಮಗಳು.) ಇಷ್ಟು ದೊಡ್ಡ ಗೆರೆಯ ಒಳಗೆ ಹೊಲ, ಊರು, ಪೇಟೆ ಎಲ್ಲಾ ಬಂದವು. ಜಮೀನು ಮಾರಲು, ಕಟ್ಟಲು ತೊಡಕು. ಹಕ್ಕಿಯ ಹೆಸರು ಎತ್ತಿದರೆ ಜನ ಮುಖ ತಿರುಗಿಸುವ ಹಾಗಾಯಿತು. ವರ್ಷಾನುಗಟ್ಟಲೆ ಕೋರ್ಟು, ಸಮಿತಿ ಎಲ್ಲಾ ಆದ ಮೇಲೆ ಗೆರೆ 1,222 ಚದರ ಕಿಲೋಮೀಟರಿಗೆ ಇಳಿಯಿತು. ಅಷ್ಟು ಹೊತ್ತಿಗೆ ಹಕ್ಕಿ ಹೆಚ್ಚುಕಡಿಮೆ ಇಲ್ಲವಾಗಿತ್ತು. ಅಲ್ಲಿ ಉಳಿದ ಚಿಗರಿ, ತೋಳಗಳಿಗೆ ಆ ಹಕ್ಕಿಯ ಹೆಸರಿನ ಜಾಗದಲ್ಲಿ ಸ್ವಲ್ಪ ನೆಲೆ ಸಿಕ್ಕಿದೆ.

ಇನ್ನೊಂದು ನಕ್ಷೆ ಇದಕ್ಕೆ ತದ್ವಿರುದ್ಧ. ಸರ್ಕಾರದ ದಾಖಲೆಯಲ್ಲಿ ನಮ್ಮ ಹುಲ್ಲುಗಾವಲು ಎಷ್ಟೋ ಕಡೆ 'ಪಾಳು ಭೂಮಿ'. ಪಾಳು ಅಂದ ಮೇಲೆ ಏನು ಬೇಕಾದರೂ ಮಾಡಬಹುದು ಅಲ್ವಾ? ಸೋಲಾರ್ ಹಾಕಬಹುದು, ಕಾರ್ಖಾನೆ ಕಟ್ಟಬಹುದು. ಅರಣ್ಯ ಇಲಾಖೆಯೇ ಹುಲ್ಲು ಕಿತ್ತು ಗೊಬ್ಬರದ ಗಿಡ ನೆಟ್ಟ ಕಾಲವೂ ಇತ್ತು. ಉಜನಿ ಅಣೆಕಟ್ಟಿನ ನೀರು ಬಂದ ಕಡೆ ಕಬ್ಬು ಬಂತು. ಕಬ್ಬು ಬೆಳೆದವನನ್ನು ಬೈಯಲು ನನಗೆ ಮನಸ್ಸಿಲ್ಲ, ನೀರಿಗಾಗಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡದ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಅನ್ನುವವರೆಗೂ ಹೋಗಿದ್ದು 2022ರಲ್ಲಿ ಎರಡೂ ರಾಜ್ಯದಲ್ಲಿ ಸುದ್ದಿಯಾಗಿತ್ತು. ಆದರೆ ಮಾಳ ಕಡಿಮೆಯಾದಷ್ಟೂ ಕುರಿ ಮತ್ತು ತೋಳ ಒಂದೇ ಸಣ್ಣ ತುಂಡಿಗೆ ಬಂದು ಸೇರುತ್ತವೆ. ಅಲ್ಲಿ ಬೀದಿನಾಯಿಗಳೂ ಇವೆ. ಅವುಗಳಿಂದ ತೋಳಕ್ಕೆ ರೋಗ ತಗಲುತ್ತದೆ. ಪುಣೆ ಕಡೆ ನಾಯಿ ಮತ್ತು ತೋಳ ಕೂಡಿ ಹುಟ್ಟಿದ ಮಿಶ್ರತಳಿಯೂ ಕಂಡಿದೆ.

ಕರ್ನಾಟಕ ಈ ವಿಷಯದಲ್ಲಿ ಒಂದು ಹೆಜ್ಜೆ ಇಟ್ಟಿದೆ. ಕೊಪ್ಪಳ ಜಿಲ್ಲೆ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಸುಮಾರು 330 ಎಕರೆ ತೋಳಕ್ಕೆಂದೇ ಮೀಸಲು. ಒಳ್ಳೆಯದೇ. ಆದರೆ ಒಂದು ತೋಳದ ಗುಂಪು ಓಡಾಡುವುದು ನೂರಾರು ಚದರ ಕಿಲೋಮೀಟರಿನಲ್ಲಿ. 330 ಎಕರೆ ಅಂದರೆ ಒಂದೂವರೆ ಚದರ ಕಿಲೋಮೀಟರೂ ಇಲ್ಲ. ಗವಿ ಒಳಗೆ ಇರುತ್ತದೆ, ಊಟ ಹೊರಗೆ, ಯಾರದೋ ದಡ್ಡಿಯಲ್ಲಿ. ಅಲ್ಲಿಗೂ ಬೇಲಿ ಹಾಕುವುದಕ್ಕಿಂತ ಸುತ್ತಲಿನ ಕುರಿಗಾರರ ಜೊತೆ ಮಾತಾಡುವುದು ದೊಡ್ಡ ಕೆಲಸ.

ಹೊರಗಿಂದ ಪ್ರಾಣಿ ತಂದು ಬಿಡುವ ಕೆಲಸ ನಮ್ಮಲ್ಲೂ ಆಗಿದೆ, ಚೀತಾದ್ದು. 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕೂನೊದಲ್ಲಿ ನಮೀಬಿಯಾದ ಎಂಟು ಚೀತಾ ಬಿಟ್ಟರು. ಕೂನೊದಲ್ಲಿ ಜಾಗ ಖಾಲಿ ಇದ್ದದ್ದು ಹೇಗೆ ಗೊತ್ತಾ? ಅದಕ್ಕೂ ಎರಡು ದಶಕ ಮೊದಲು ಗುಜರಾತಿನ ಸಿಂಹ ತರುತ್ತೇವೆ ಅಂತ ಅಲ್ಲಿನ 24 ಹಳ್ಳಿಗಳನ್ನು ಎಬ್ಬಿಸಿದ್ದರು. ತರಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದರೂ ಸಿಂಹ ಬರಲಿಲ್ಲ. ಕೊಲೊರಾಡೊದ ರೈತ ಓಟಿನಲ್ಲಿ ಸೋತ. ಕೂನೊದವರಿಗೆ ಸೋಲಲು ಓಟಾದರೂ ಇತ್ತೇ?

ನನ್ನ ಅಭಿಪ್ರಾಯ ಕೇಳಿದರೆ, ತೋಳ ಇರಬೇಕು. ಆದರೆ ತೋಳ ಇರಲಿ ಅನ್ನುವವನು ಅದರ ಖರ್ಚಿನಲ್ಲಿ ಪಾಲು ಹಾಕಬೇಕು, ಖರ್ಚು ಅಂದರೆ ಸತ್ತ ಕುರಿಯ ಬೆಲೆ ಮಾತ್ರವಲ್ಲ. ರಾತ್ರಿ ನಿದ್ದೆಗೆಟ್ಟ ಕೂಲಿ, ನಾಯಿಗೆ ಹಾಕುವ ರೊಟ್ಟಿ, ಕಂದು ಹಾಕಿದ ಕುರಿ, ಪರಿಹಾರಕ್ಕೆ ಅಲೆದ ದಿನ, ಎಲ್ಲಾ ಸೇರುತ್ತದೆ. ಕೊಲೊರಾಡೊದವರು ಇಷ್ಟನ್ನಾದರೂ ಲೆಕ್ಕಕ್ಕೆ ತಂದರು. ನಮ್ಮಲ್ಲಿ ಮೊದಲ ಮೆಟ್ಟಿಲಿನಲ್ಲೇ ಎಡವುತ್ತೇವೆ.

ಮಹಾರಾಷ್ಟ್ರದಲ್ಲಿ ತೋಳ ಕೊಂದ ಕುರಿ, ಆಡಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಇದೆ. ಆದರೆ ಅದು ಮನೆ ಇದ್ದವನಿಗೆ, ಒಂದೇ ಕಡೆ ಇರುವವನಿಗೆ ಮಾಡಿದ ನಿಯಮ. ಅಲೆಮಾರಿ ಕುರುಬ ನಾಳೆ ಮುಂದಿನ ಊರಿನಲ್ಲಿರುತ್ತಾನೆ. ಪಂಚನಾಮೆಗೆ ಎರಡು ದಿನ ಕಾಯುತ್ತಾ ಕೂತರೆ ಉಳಿದ ಕುರಿ ಏನು ತಿನ್ನಬೇಕು? ಅರ್ಜಿ ಮರಾಠಿಯಲ್ಲಿ, ಅವನ ಆಧಾರ್ ಕರ್ನಾಟಕದ್ದು, ಬ್ಯಾಂಕ್ ಖಾತೆ ವಿಜಯಪುರ ಜಿಲ್ಲೆಯ ಇಂಡಿಯಲ್ಲೋ ಚಡಚಣದಲ್ಲೋ. ಕುರಿ ಸತ್ತಿದ್ದು ಯಾವ ರಾಜ್ಯದ ನೆಲದಲ್ಲೋ ಆ ರಾಜ್ಯದ ಇಲಾಖೆಗೇ ಹೇಳಬೇಕು. ಗಡಿಯಲ್ಲಿ ಹಿಂಡು ಬಿಟ್ಟವನಿಗೆ ಹೊಲ ಯಾವ ಕಡೆಯದ್ದು ಅನ್ನುವುದೇ ಒಮ್ಮೊಮ್ಮೆ ಗೊತ್ತಿರುವುದಿಲ್ಲ.

ಹಾಗಾಗಿ ಗಡಿ ಈಚೆ ಕುರಿ ಮೇಯಿಸುವ ಬಂಧುಗಳಿದ್ದರೆ ಇಷ್ಟು ತಿಳಿಸಿ. ಕುರಿ ಸತ್ತ ಜಾಗದಿಂದ ಎಳೆಯಬೇಡಿ, ಸುಲಿಯಬೇಡಿ. ಕುತ್ತಿಗೆಯ ಗಾಯ, ನೆಲದ ಹೆಜ್ಜೆ, ಸುತ್ತಲಿನ ಜಾಗ ಕಾಣುವ ಹಾಗೆ ಮೊಬೈಲಿನಲ್ಲಿ ಫೋಟೊ ತೆಗೆಯಿರಿ, ಲೊಕೇಶನ್ ಆನ್ ಇಟ್ಟುಕೊಳ್ಳಿ. ಅದೇ ದಿನ ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ನಂಬರಿಗೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಊರಿನ ಪೊಲೀಸ್ ಪಾಟೀಲರಿಗೂ ಒಂದು ಮಾತು ಹೇಳಿ. ಮರಾಠಿ ಓದಲು ಬರದಿದ್ದರೆ ಹೊಲದ ಮಾಲೀಕರನ್ನು ಜೊತೆಗೆ ಕರೆದುಕೊಂಡು ಹೋಗಿ, ಅವರ ಹೊಲಕ್ಕೆ ಗೊಬ್ಬರ ಬಿದ್ದಿದೆ, ಬರುತ್ತಾರೆ.